ಗುರುಶಿದ್ದಪ್ಪ ಮುಟ್ಟದ ಹರವಿ

ಹವಾಲ್ದಾರ ಗುರುಶಿದ್ದಪ್ಪ ಲಾಠಿಯ ತುದಿಯಿಂದ ಸತ್ಯವ್ವನ ಕುಪ್ಪಸ ಎತ್ತಿ ಅಂಗಳಕ್ಕೆ ಎಸೆದ ದಿನವೇ, ಅವಳ ಗಂಡ ಯಮನಪ್ಪ ಅವನ ನೌಕರಿ ಕಳೆಯಬೇಕೆಂದು ನಿಶ್ಚಯಿಸಿದ. ಹುಬ್ಬಳ್ಳಿಯ ಗೂಡ್ಸ್ ಶೆಡ್ಡಿನಲ್ಲಿ ಯಮನಪ್ಪ ಒಮ್ಮೆ ಹತ್ತಿ ಕದ್ದದ್ದು ನಿಜ. ಮೊದಲ ತಪ್ಪೆಂದು ಕೋರ್ಟು ಜೈಲಿಗೆ ಕಳಿಸದೆ, ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟಿತ್ತು. ಅಂದಿನಿಂದ ಯಾರ ಕೋಳಿ ಕಳೆದರೂ ಪೊಲೀಸರ ಶೋಧ, ಝಡತಿ ಇವನ ಮನೆಗೇ. ವಾರಂಟಿಲ್ಲ, ಪಂಚರಿಲ್ಲ. ಗಂಡನನ್ನು ಹೊರಗೆ ನಿಲ್ಲಿಸಿ ಹೆಂಡತಿಯ ಪೆಟ್ಟಿಗೆ ಕೆದಕುವುದು. ಸ್ವಂತ ಹೊಸ್ತಿಲಾಚೆ ನಿಂತು ಅದನ್ನು ನೋಡುವವನ ಹೊಟ್ಟೆಯುರಿ ಯಾರಿಗೆ ಹೇಳಬೇಕು?

ಮುಚ್ಚಳಿಕೆಯವರ ಮೇಲೆ ಕಣ್ಣಿಡುವ ಪ್ರೊಬೇಷನ್ ಸಾಹೇಬರಿಗೆ ಹೇಳಿ ನೋಡಿದ.

“ಮನಿ ನಿಂದ ಖರೇ ಯಮನಪ್ಪಾ, ಆದ್ರ ಮುಚ್ಚಳಿಕಿ ಮುಗಿಯೂತನಕ ನೀ ಸರಕಾರದಾಂವ,” ಎಂದರು ಅವರು. “ತಕರಾರ ಮಾಡಿದಿ ಅಂದ್ರ ಜೇಲು. ಸುಮ್ಮನಿರು.”

ಸುಮ್ಮನಿದ್ದ. ಸುಮ್ಮನಿದ್ದೇ ಯೋಚಿಸಿದ. ಝಡತಿಯ ಹೊತ್ತಿಗೆ ಹವಾಲ್ದಾರನ ಸೈಕಲ್ಲು ಹೊರಗೆ ಇವನ ಪಕ್ಕದಲ್ಲೇ ನಿಂತಿರುತ್ತಿತ್ತು. ಹ್ಯಾಂಡಲಿಗೆ ತೂಗುಹಾಕಿದ ಚೀಲದಲ್ಲಿ ಬೇಡಿ. ಸರಕಾರದ ಬೇಡಿ ಕಳೆದುಕೊಂಡವನನ್ನು ಠಾಣೆಯ ಫೌಜದಾರ ಬಿಟ್ಟಾನೆಯೇ? ಅಡಗಿಸುವ ಜಾಗವನ್ನೂ ಹುಡುಕಬೇಕಿರಲಿಲ್ಲ. ಗುರುಶಿದ್ದಪ್ಪ ಮಹಾ ಮಡಿವಂತ. ಬೂಟುಗಾಲಲ್ಲೇ ಮನೆಯೆಲ್ಲ ತಿರುಗಿ ಹಿಟ್ಟಿನ ಡಬ್ಬಿಯನ್ನೂ ಕೆಡವುತ್ತಿದ್ದ. ಕುಡಿಯುವ ನೀರಿನ ಹರವಿಯ ಹತ್ತಿರ ಮಾತ್ರ ಸುಳಿಯುತ್ತಿರಲಿಲ್ಲ. ಕೇರಿಯವರ ನೀರು ತಾಕಿದರೆ ಅವನ ಲಾಠಿಗೂ ಮೈಲಿಗೆ. ಅವನ ಮಡಿಯೇ ನನ್ನ ಮನೆಗೆ ಬೀಗ ಎಂದು ಯಮನಪ್ಪ ಒಳಗೊಳಗೇ ನಕ್ಕ.

ಎಣಿಸಿದಂತೆಯೇ ಆಯಿತು. ಮುಂದಿನ ಝಡತಿಯಲ್ಲಿ ಬೇಡಿ ಚೀಲದಿಂದ ಯಮನಪ್ಪ ಹೊದ್ದ ಕಂಬಳಿಯೊಳಗೆ ಬಂತು, ಹವಾಲ್ದಾರ ಹೋದ ಮೇಲೆ ಹರವಿಯ ತಳ ಸೇರಿತು. ಸಂಜೆಯೇ ಅವನು ಹುಚ್ಚನಂತೆ ತಿರುಗಿ ಬಂದ. ನೆಲ ಅಗೆಸಿದ, ಹೆಂಚು ಇಳಿಸಿದ, ಯಮನಪ್ಪನ ಕೆನ್ನೆಗೆ ನಾಲ್ಕು ಬಿಟ್ಟ. ಹರವಿಯಿಂದ ಮಾತ್ರ ದೂರ ಸರಿದೇ ನಡೆದಾಡಿದ. ಯಮನಪ್ಪನಿಗೆ ಏಟಿನ ಉರಿಯೂ ಹಿತವೆನಿಸಿತು.

ನೀರಿಗೆ ತುಕ್ಕಿನ ರುಚಿ ಬಂತು. ಸತ್ಯವ್ವ ಮುಖ ಹಿಂಡಿಕೊಂಡೇ ಕುಡಿದಳು.

“ನಮ್ಮ ಕೊಳ್ಳಿಗಿ ಬರೂದಿದು. ಲಗೂನ ಉಣಕಲ್ ಕೆರ್ಯಾಗ ಒಗದು ಬರ್ರಿ,” ಎಂದಳು.

“ತಡಿ. ಠಾಣೇದವ್ರ ಕಣ್ಣು ನಮ್ಮ ಬಾಗಲಾ ಬಿಟ್ಟಿಲ್ಲ. ಗದ್ದಲ ತಣ್ಣಗಾಗ್ಲಿ.”

ಕೊನೆಗೊಂದು ಮುಂಜಾನೆ ಸುದ್ದಿ ಬಂತು: ಗುರುಶಿದ್ದಪ್ಪ ಸಸ್ಪೆಂಡ್. ಎಷ್ಟೋ ತಿಂಗಳ ಮೇಲೆ ಯಮನಪ್ಪ ಬಾಗಿಲಿಗೆ ಬೆನ್ನು ಹಾಕಿ ಕೂತು ರೊಟ್ಟಿ ತಿಂದ.

ಮಧ್ಯಾಹ್ನ ಹೊಸ ಪೊಲೀಸನೊಬ್ಬ ಬಾಗಿಲಲ್ಲಿ ನಿಂತು ಕೆಮ್ಮಿದ. ಬೂಟು ಕಳಚಿಟ್ಟು, ಒಳಗೆ ಬರಲೇ ಎಂದು ಕೇಳಿ, ಬಂದು ನೆಲದ ಮೇಲೆ ಕೂತ. “ನಾ ನೀಲಪ್ಪರಿ, ಗುರುಶಿದ್ದಪ್ಪನ ಜಾಗಾಕ್ಕ ಬಂದಾಂವ. ಝಡತಿಗಿ ಬಂದಿಲ್ಲರಿ ಅಣ್ಣಾರ, ಗುರ್ತು ಆಗ್ಲಿ ಅಂತ ಬಂದೇನಿ. ನಾನೂ ನಿಮ್ಮಂಥಾ ಕೇರ್ಯಾಗ ಹುಟ್ಟಿದಾಂವ. ಇನ್ನ ಮ್ಯಾಲ ವಾರಂಟ್ ಇಲ್ದ ಈ ಮನಿ ಯಾರೂ ಹೊಗೂದಿಲ್ಲ.” ಮೈಲಿಗೆಯ ಭಯವಿಲ್ಲದವನೂ ಖಾಕಿ ತೊಟ್ಟು ಬಂದಾನೆಂದು ಯಮನಪ್ಪ ಎಣಿಸಿರಲೇ ಇಲ್ಲ. ನೀಲಪ್ಪ ಬೆವರು ಒರೆಸಿಕೊಂಡು ಎದ್ದ. ಸತ್ಯವ್ವನ ಕೈ ಹಿಟ್ಟಿನಲ್ಲಿತ್ತು. “ಏಳಬ್ಯಾಡ್ರಿ ಅಕ್ಕಾರ, ನೀರು ನಾನ ತಗೋತೀನಿ. ನಾನೇನ ಹೊರಗಿನಾಂವ?” ಎನ್ನುತ್ತ ತಂಬಿಗೆ ಹಿಡಿದು ಹರವಿಯೊಳಗೆ ಕೈ ಇಳಿಬಿಟ್ಟ. ನೀರು ತಳಕ್ಕಿತ್ತು. ತಂಬಿಗೆ ಕಬ್ಬಿಣಕ್ಕೆ ಬಡಿದ ಸದ್ದು ಮೂವರಿಗೂ ಕೇಳಿಸಿತು.