ಬೇಡವಾದರೆ ಒಂದು ಮಾತು ಹೇಳಿ

'ನನ್ನ ನಂಬರ್ ನಿಮಗೆ ಯಾರು ಕೊಟ್ಟದ್ದು?'

ಮೊಬೈಲ್ ಪರದೆಯ ಮೇಲೆ ಅದೊಂದೇ ಸಾಲು. ದೀಕ್ಷಿತಾಳ ಎದೆ ಧಸಕ್ಕೆಂದಿತು.

ನಮಸ್ಕಾರವಿಲ್ಲ, ಹೆಸರಿಲ್ಲ... ಇನ್ನು ಬೈಗುಳ ಬರುವುದೊಂದು ಬಾಕಿ. ಆದರೂ ಉತ್ತರ ಬಂತಲ್ಲ! ದುಬೈಯ ಅಲ್ ಕೂಜ್‌ನ ಯೂನಿಫಾರ್ಮ್ ಕಂಪೆನಿಯಲ್ಲಿ ಸೇಲ್ಸ್ ಕೆಲಸಕ್ಕೆ ಸೇರಿದ ಮೇಲೆ ಅವಳ ವಾಟ್ಸಾಪ್ ಮೆಸೇಜಿಗೆ ಬಂದ ಮೊದಲ ಉತ್ತರ ಇದು.

ಮ್ಯಾನೇಜರ್ ಎಡ್ವರ್ಡ್ ಸರ್ ಒಂದು ಮೆಸೇಜ್ ಬರೆದುಕೊಟ್ಟಿದ್ದರು. 'ಡಿಯರ್ ಸರ್, ನಾವು ಯುಎಇಯ ಪ್ರಮುಖ...' ಎಂದು ಶುರುವಾದರೆ ಮುಗಿಯುವ ಹೊತ್ತಿಗೆ ಓದುವವರಿಗೇ ಬಾಯಾರಿಕೆ. ಸಿಕ್ಕಸಿಕ್ಕವರಿಗೆಲ್ಲ ಅದನ್ನೇ ಕಳಿಸಿದಳು. ನೀಲಿ ಗೀಟು ಬೀಳುತ್ತಿತ್ತು, ಅಷ್ಟೇ. ಕೆಲವರು ಬ್ಲಾಕ್ ಮಾಡಿದರು. ಪ್ರೊಬೇಷನ್ ಮುಗಿಯುವುದರೊಳಗೆ ಒಬ್ಬರಾದರೂ ಹೊಸ ಗಿರಾಕಿ ಬರದಿದ್ದರೆ ಊರಿನ ಟಿಕೆಟ್ ಗ್ಯಾರಂಟಿ ಎಂದು ಸರ್ ನಗುನಗುತ್ತಲೇ ಹೇಳಿದ್ದರು.

ಆವತ್ತು ಬೆಳಿಗ್ಗೆ ಅವಳು ಒಬ್ಬರಿಗಾಗಿಯೇ ಒಂದು ಮೆಸೇಜ್ ಬರೆದಳು. ಇಂಗ್ಲಿಷಿನಲ್ಲಿದ್ದ ಅದರ ಸಾರ ಇಷ್ಟು:

'ನಮಸ್ಕಾರ. ನಾನು ದೀಕ್ಷಿತಾ, ಕೆಲಸದ ಬಟ್ಟೆ ಹೊಲಿಯುವ ಕಂಪೆನಿಯಿಂದ. ನಿಮ್ಮ ಲಾರಿಯಲ್ಲಿದ್ದ ಒಬ್ಬರು ತೊಟ್ಟಿದ್ದ ಕವರಾಲ್ ಕಂಕುಳಲ್ಲಿ ಹೊಲಿಗೆ ಬಿಟ್ಟಿತ್ತು. ಕೈ ಎತ್ತಿ ಕೆಲಸ ಮಾಡುವವರಿಗೆ ಅಲ್ಲಿ ಗಟ್ಟಿ ಹೊಲಿಗೆ ಬೇಕು. ಒಂದು ಸ್ಯಾಂಪಲ್ ಕಳಿಸಲೇ? ಬೇಡವಾದರೆ ಒಂದು ಮಾತು ಹೇಳಿ, ಮತ್ತೆ ತೊಂದರೆ ಕೊಡುವುದಿಲ್ಲ.'

ಅದಕ್ಕೇ ಈ ಪ್ರಶ್ನೆ. ಸುಳ್ಳು ಹೇಳಲು ಅವಳಿಗೆ ಮನಸ್ಸಾಗಲಿಲ್ಲ.

'ಯಾರೂ ಕೊಟ್ಟದ್ದಲ್ಲ. ಸಿಗ್ನಲ್‌ನಲ್ಲಿ ನಿಮ್ಮ ಲಾರಿಯ ಹಿಂದೆ ನನ್ನ ಬಸ್ಸು ನಿಂತಿತ್ತು. ಲಾರಿಯ ಹಿಂದಿದ್ದ ನಂಬರ್ ನೋಡಿ ಬರೆದುಕೊಂಡೆ.'

ಆ ಕಡೆಯವರು ಏನೋ ಟೈಪ್ ಮಾಡಿದರು... ನಿಲ್ಲಿಸಿದರು... ಮತ್ತೆ ಟೈಪ್ ಮಾಡಿದರು.

'ಈರೆನ ಊರು ಓಲು?'

ತುಳು! ನಿಮ್ಮ ಊರು ಎಲ್ಲಿ ಎಂದು ಕೇಳುತ್ತಿದ್ದಾರೆ! ಹೆಸರು ನೋಡಿಯೇ ಊಹಿಸಿರಬೇಕು. ಅವಳಿಗೆ ಒಬ್ಬಳೇ ಕೂತು ನಗು ಬಂತು. ಕಾಪು ಎಂದಳು. ಅವರದು ಮೂಲ್ಕಿಯಂತೆ. ಹೆಸರು ರಂಜಿತ್, ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕ್‌ನ ಪೈಪ್ ಫ್ಯಾಕ್ಟರಿಯಲ್ಲಿ ಸ್ಟೋರ್ ನೋಡಿಕೊಳ್ಳುವವರು. ಲಾರಿಯ ಮೇಲಿದ್ದದ್ದು ಕಂಪೆನಿ ನಂಬರ್, ಆ ಫೋನ್ ಇರುತ್ತಿದ್ದದ್ದು ಅವರ ಕೈಯಲ್ಲಿ.

ಸ್ಯಾಂಪಲ್ ಹೋಯಿತು, ಪಾಸಾಯಿತು, ಆರ್ಡರ್ ಬಂತು. ದೀಕ್ಷಿತಾಳ ಕೆಲಸ ಉಳಿಯಿತು. ಮಾತು ಅಲ್ಲಿಗೆ ನಿಲ್ಲಬೇಕಿತ್ತು, ಆದರೆ ನಿಲ್ಲಲಿಲ್ಲ ನೋಡಿ!

ಕಾಲರ್ ಅಳತೆ ಕೇಳಲು ಬಂದ ಮೆಸೇಜ್ ಊಟ ಆಯಿತಾ ಎನ್ನುವಲ್ಲಿಗೆ ಮುಗಿಯುತ್ತಿತ್ತು. ಈ ದೇಶದಲ್ಲಿ ವಾಟ್ಸಾಪ್ ಕರೆಗೆ ಅನುಮತಿ ಇಲ್ಲವಲ್ಲ, ಹಾಗಾಗಿ ವಾಯ್ಸ್ ಮೆಸೇಜ್. ಅವನ ದನಿಯ ಹಿಂದೆ ಯಾವಾಗಲೂ ಫೋರ್ಕ್‌ಲಿಫ್ಟಿನ ಪೀಂ ಪೀಂ. ಆ ಸದ್ದು ಕೇಳಿದರೂ ಸಾಕು, ಅವಳ ಮುಖ ಅರಳುತ್ತಿತ್ತು. ಮುಖ ಮಾತ್ರ ಇಬ್ಬರೂ ನೋಡಿರಲಿಲ್ಲ. ಅವನ ಫೋಟೊದ ಜಾಗದಲ್ಲಿ ಪೈಪಿನ ರಾಶಿ, ಅವಳದರಲ್ಲಿ ಮಡಚಿಟ್ಟ ಅಂಗಿ.

ಕೊನೆಗೊಂದು ದಿನ ಅವಳೇ ಧೈರ್ಯ ಮಾಡಿದಳು. ಶುಕ್ರವಾರ ಬರ್ ದುಬೈ ದೇವಸ್ಥಾನಕ್ಕೆ ಹೋಗುತ್ತೇನೆ, ನೀವೂ ಬರುತ್ತೀರಾ ಎಂದು ಬರೆದಳು. ಕಳಿಸಿದ ಮೇಲೆ ಫೋನನ್ನು ದಿಂಬಿನ ಕೆಳಗೆ ಬಚ್ಚಿಟ್ಟಳು!

ಮರುದಿನ ಉತ್ತರ ಬಂತು, ಇಂಗ್ಲಿಷಿನಲ್ಲಿ.

'ನಾಟ್ ರಿಕ್ವೈರ್ಡ್. ಡೋಂಟ್ ಮೆಸೇಜ್ ದಿಸ್ ನಂಬರ್.'

ಅವಳು ಅದನ್ನು ಮತ್ತೆ ಮತ್ತೆ ಓದಿದಳು. ಕಣ್ಣು ತುಂಬಿ ಅಕ್ಷರ ಕಾಣದಾಯಿತು.

ರೂಮಿನ ಗೆಳತಿ ಸ್ವೀಡಲ್‌ಗೆ ಸಿಟ್ಟು ತಡೆಯಲಾಗಲಿಲ್ಲ. "ಯಾಕೆ ಅಂತ ಒಮ್ಮೆ ಕೇಳು ಮಾರಾಯ್ತಿ. ಹೀಗೆ ಯಾರಾದ್ರೂ ಹೇಳ್ತಾರಾ?"

"ಕೇಳುವ ಹಾಗಿಲ್ಲ. ಬೇಡ ಅಂತ ಒಂದು ಮಾತು ಹೇಳಿದ್ರೆ ಮತ್ತೆ ತೊಂದರೆ ಕೊಡುವುದಿಲ್ಲ ಅಂತ ನಾನೇ ಬರೆದದ್ದು."

ಹೇಳಿದ್ದಕ್ಕೆ ಬದ್ಧಳಾದಳು. ಆ ಫ್ಯಾಕ್ಟರಿಯ ಕೆಲಸವನ್ನು ಎಡ್ವರ್ಡ್ ಸರ್‌ಗೆ ಒಪ್ಪಿಸಿ, ಬೇರೆ ಗಿರಾಕಿಗಳಿಗೆ ಹೊಸ ಮೆಸೇಜ್ ಬರೆಯತೊಡಗಿದಳು. ಉತ್ತರಗಳು ಬರುತ್ತಿದ್ದವು. ಪ್ರತಿ ಸಲ 'ಬೇಡವಾದರೆ...' ಎಂಬ ಕೊನೆಯ ಸಾಲು ಬರೆಯುವಾಗ ಮಾತ್ರ ಅವಳ ಬೆರಳು ತಡೆಯುತ್ತಿತ್ತು.

ಸೆಖೆ ಇಳಿದು ಬೆಳಗಿನ ಗಾಳಿ ತಣ್ಣಗಾಗುತ್ತಿದ್ದ ಸಮಯ. ಒಬ್ಬ ಯುವಕ ಅವಳ ಮೇಜಿನ ಮುಂದೆ ಬಂದು ಕೂತು, ಮಡಚಿದ ಕವರಾಲ್ ಒಂದನ್ನು ಮುಂದಿಟ್ಟ. ಹೊಲಿಗೆ ಬಿಟ್ಟಿದೆ ಎಂದು ಸನ್ನೆಯಲ್ಲೇ ತೋರಿಸಿದ.

ದೀಕ್ಷಿತಾ ಬಿಡಿಸಿ ನೋಡಿದಳು. ಕಂಕುಳಿನ ನೂಲು ನೀಟಾಗಿ ಕತ್ತರಿಸಿಹೋಗಿತ್ತು.

"ಇದು ಬಿಟ್ಟ ಹೊಲಿಗೆ ಅಲ್ಲ. ಯಾರೋ ಬ್ಲೇಡಿನಲ್ಲಿ ಬಿಚ್ಚಿದ್ದು."

"ಹೌದು, ನಾನೇ ಬಿಚ್ಚಿದ್ದು. ಬರ್ಲಿಕ್ಕೆ ಒಂದು ನೆಪ ಬೇಕಿತ್ತು."

ಆ ದನಿ... ಪೀಂ ಪೀಂ ಇಲ್ಲದಿದ್ದರೂ ಅದೇ ದನಿ!

ಅವಳು ಎದ್ದು ನಿಂತಳು. ಅವನು ತಲೆ ತಗ್ಗಿಸಿಯೇ ಎಲ್ಲ ಹೇಳಿದ. ಅಮ್ಮನಿಗೆ ಸ್ಟ್ರೋಕ್ ಆಗಿ, ಸಿಕ್ಕಿದ ವಿಮಾನ ಹತ್ತಿ ಊರಿಗೆ ಓಡಿದ್ದ. ರಜೆಯಲ್ಲಿ ಹೋಗುವವರು ಕಂಪೆನಿ ಫೋನನ್ನು ತಮ್ಮ ಬದಲಿಗೆ ಕೂರುವವರಿಗೆ ಕೊಟ್ಟು ಹೋಗಬೇಕಲ್ಲ, ಜುವಾಕಿಂ ಎಂಬವರಿಗೆ ಕೊಟ್ಟಿದ್ದ. ಅವಳ ನಂಬರ್ ಆ ಫೋನಿನಲ್ಲೇ ಉಳಿಯಿತು. ಅಮ್ಮ ಚೇತರಿಸಿಕೊಂಡ ಮೇಲೆ ಬಂದು ನೋಡಿದರೆ, ಫೋನ್ ತುಂಬಿತೆಂದು ಜುವಾಕಿಂ ನಂಬರ್ ಸಮೇತ ಹಳೆಯದನ್ನೆಲ್ಲ ಅಳಿಸಿದ್ದರು. ಅವಳಿಂದಲೂ ಸುದ್ದಿಯಿಲ್ಲ.

"ನಿಮ್ಮ ಕೆಲಸ ಆಯ್ತು, ಇನ್ನು ನನ್ನ ನೆನಪು ಎಂತಕ್ಕೆ ಅಂತ ಅಂದುಕೊಂಡೆ. ನಿನ್ನೆ ಊಟಕ್ಕೆ ಕೂತಾಗ ಜುವಾಕಿಂ ಹೇಳಿದ್ರು. ಯೂನಿಫಾರ್ಮ್ ಕಂಪೆನಿಯವರು ಈಗ ದೇವಸ್ಥಾನಕ್ಕೂ ಕರೀತಾರೆ ಮಾರಾಯ, ಬೇಡ ಅಂತ ಬರೆದುಬಿಟ್ಟೆ ಅಂತ. ನನಗೆ ಅನ್ನ ಇಳೀಲಿಲ್ಲ ದೀಕ್ಷಿತಾ. ಮೆಸೇಜಿನಲ್ಲಿ ಹಾಳಾದದ್ದನ್ನು ಮುಖ ನೋಡಿಯೇ ಸರಿ ಮಾಡುವ ಅಂತ ಬಂದೆ."

ಹಾಗಾದರೆ... ಬೇಡ ಎಂದದ್ದು ಇವನಲ್ಲ! ಇಷ್ಟು ದಿನ ಯಾರ ಮೇಲೆ ಸಿಟ್ಟು ಮಾಡಿಕೊಂಡೆ ನಾನು?

"ಅಮ್ಮ ಹೇಗಿದ್ದಾರೆ ಈಗ?" ಎಂದಷ್ಟೇ ಕೇಳಿದಳು.

"ನಡೀತಾರೆ. ಮದುವೆ ಯಾವಾಗ ಅಂತ ಕೇಳುವಷ್ಟು ಹುಷಾರಾಗಿದ್ದಾರೆ."

ಅವಳ ಕೆನ್ನೆ ಬಿಸಿಯಾಯಿತು. ಅಷ್ಟರಲ್ಲಿ ಎಡ್ವರ್ಡ್ ಸರ್ ಒಳಬಂದರು. ಕವರಾಲ್ ಹೊಲಿದು ಕಳಿಸುತ್ತೇವೆ ಎಂದು ಅವಳು ಗಂಭೀರವಾಗಿ ಹೇಳಬೇಕಾಯಿತು, ಅವನೂ ಅಷ್ಟೇ ಗಂಭೀರವಾಗಿ ಎದ್ದು ಹೋದ.

ಸ್ವಲ್ಪ ಹೊತ್ತಿಗೆ ಅವಳ ಫೋನ್ ಸದ್ದು ಮಾಡಿತು. ಯಾವುದೋ ಹೊಸ ನಂಬರ್.

'ನಮಸ್ಕಾರ. ನಾನು ರಂಜಿತ್. ಇದು ಕಂಪೆನಿ ಫೋನ್ ಅಲ್ಲ, ನನ್ನದೇ. ಈ ಶುಕ್ರವಾರ ಬರ್ ದುಬೈ ದೇವಸ್ಥಾನಕ್ಕೆ ಹೋಗಿ, ಆಮೇಲೆ ಅಬ್ರಾ ದೋಣಿಯಲ್ಲಿ ಆಚೆ ದಡಕ್ಕೆ ಹೋಗಿ ಚಹಾ ಕುಡಿಯುವ ಆಸೆ, ನಿಮ್ಮ ಜೊತೆ. ನೀವಂದ್ರೆ ನನಗೆ ತುಂಬಾ ಇಷ್ಟ. ಬರ್ತೀರಾ? ಬೇಡವಾದರೆ ಒಂದು ಮಾತು ಹೇಳಿ, ಮತ್ತೆ ತೊಂದರೆ ಕೊಡುವುದಿಲ್ಲ. ಆದರೆ ಆ ಒಂದು ಮಾತು ನೀವೇ ಬರೆಯಬೇಕು.'

ಕಿಟಕಿಯಾಚೆ ಪಾರ್ಕಿಂಗ್‌ನಲ್ಲಿ ಅವನು ಫೋನನ್ನೇ ದಿಟ್ಟಿಸುತ್ತ ನಿಂತಿದ್ದ. ದೀಕ್ಷಿತಾ ಕಣ್ಣೊರೆಸಿಕೊಂಡು ಟೈಪ್ ಮಾಡಿದಳು.

'ನನ್ನ ನಂಬರ್ ನಿಮಗೆ ಯಾರು ಕೊಟ್ಟದ್ದು?'

'ಯಾರೂ ಕೊಟ್ಟದ್ದಲ್ಲ. ನೀವು ಹೊಲಿಗೆ ನೋಡುವಾಗ ನಿಮ್ಮ ಮೇಜಿನ ಮೇಲಿದ್ದ ಕಾರ್ಡ್ ನೋಡಿ ಬರೆದುಕೊಂಡೆ.'

ಅವಳು ಕಿಟಕಿಯ ಹತ್ತಿರ ಹೋಗಿ ನಿಂತಳು. ಅವನು ತಲೆಯೆತ್ತಿ ನೋಡುವವರೆಗೂ ಕಾದು, ಆಮೇಲೆ ಕಳಿಸಿದಳು.

'ಬೇಕು.'