ಕೆಂಪು ಕರಗದ ಫೋಟೋ

ಎಮ್ಮೆ ಡಾಕ್ಟರ್ ಇಂದ್ರಜೀತ ಚೌಗುಲೆ ಅದೇ ಫೋಟೋ ಹಿಡಿದು ಮೂರನೇ ಸಲ ಬಂದಾಗ ವೃಂದಾ ನಗು ತಡೆದುಕೊಂಡಳು. ಕೊಲ್ಹಾಪುರದ ಮಹಾದ್ವಾರ ರಸ್ತೆಯ ಆ ಪುಟ್ಟ ಸ್ಟುಡಿಯೋದಲ್ಲಿ ಕಂಪ್ಯೂಟರ್ ಮುಂದೆ ಕೂತು ಫೋಟೋ ತಿದ್ದುವುದು ಅವಳ ಕೆಲಸ.

"ಇವತ್ತೇನು ಕೊರತೆ ಡಾಕ್ಟರೇ?"

"ಸ್ವಲ್ಪ ಕತ್ತಲೆ ಅನ್ನಿಸ್ತು."

"ಮೊನ್ನೆ ಬೆಳಕು ಜಾಸ್ತಿ ಅಂದಿದ್ರಿ."

"ಮೊನ್ನೆ ಬಿಸಿಲಿತ್ತು ಮೇಡಂ," ಎಂದ ಅವನು, ಗಂಭೀರವಾಗಿ.

ಅವನ ಎಡಗೆನ್ನೆಯಲ್ಲಿ, ಕಿವಿಯಿಂದ ತುಟಿಯಂಚಿನವರೆಗೆ, ಹುಟ್ಟಿನಿಂದ ಬಂದ ಕೆಂಪು ಮಚ್ಚೆ. ಬಣ್ಣದ ಫೋಟೋ ನೋಡಿದ ಹೆಣ್ಣಿನ ಮನೆಯವರು ಯಾರೂ ತಿರುಗಿ ಫೋನ್ ಮಾಡಿರಲಿಲ್ಲ. ಈ ಸಲ ಸಾಂಗ್ಲಿಯ ಸಂಬಂಧಕ್ಕೆ ಕಪ್ಪು-ಬಿಳುಪು ಫೋಟೋ ಕಳಿಸೋಣ ಎಂದು ತಾಯಿ, ಅವನ ಆಯಿ, ಹಟ ಹಿಡಿದಿದ್ದರು.

ವೃಂದಾಗೆ ಅದು ಎರಡು ನಿಮಿಷದ ಕೆಲಸ. ಬಣ್ಣ ತೆಗೆಯುವಾಗ ಕೆಂಪನ್ನಷ್ಟೇ ಬೆಳಗಿಸಿದರೆ ಸಾಕು, ಮಚ್ಚೆ ಚರ್ಮದೊಳಗೆ ಕರಗಿಹೋಗುತ್ತದೆ. ಎರಡು ಸಲವೂ ಹಾಗೇ ಮಾಡಿಕೊಟ್ಟಿದ್ದಳು. ಇವತ್ತು ಅವನನ್ನು ಪಕ್ಕದಲ್ಲೇ ಕೂರಿಸಿಕೊಂಡು ಮತ್ತೆ ಮಾಡಿದಳು.

"ನೋಡಿ, ಮಾಯ."

"ಚೆಂದ ಇದಾನೆ," ಎಂದ ಅವನು. "ಯಾರಿವನು?"

ತಮಾಷೆಯ ಮಾತೇ, ಆದರೆ ಅವನ ಕಣ್ಣು ನಗಲಿಲ್ಲ. ವೃಂದಾಗೆ ತನ್ನ ಕೈಯ ಮೇಲೇ ಸಿಟ್ಟು ಬಂತು. ಬೆಳಗಿಸಿದ್ದ ಕೆಂಪನ್ನು ಮತ್ತೆ ತಗ್ಗಿಸಿದಳು. ಮಚ್ಚೆ ಮೆಲ್ಲಗೆ ಮೂಡಿತು, ಇನ್ನಷ್ಟು ಗಾಢವಾಗಿ. ಅದರ ಜೊತೆಗೇ ಇಡೀ ಮುಖಕ್ಕೆ ಜೀವ ಬಂತು.

"ಇವನು ನಂಗೆ ಗೊತ್ತು," ಎಂದಳು. "ಹೋದ ವಾರ ಸಗಣಿ ಮೆತ್ತಿದ ಬೂಟನ್ನ ಬಾಗಿಲಲ್ಲೇ ಬಿಚ್ಚಿಟ್ಟು, ತೂತು ಬಿದ್ದ ಸಾಕ್ಸ್‌ನಲ್ಲಿ ಒಳಗೆ ಬಂದವನು."

"ಸಾಕ್ಸ್ ನೋಡಿಬಿಟ್ರಾ?"

"ಎರಡೂ ಕಾಲಿನದು."

ಅವನು ಪರದೆಯನ್ನೇ ನೋಡುತ್ತ ಕೂತ. "ಇದನ್ನ ಕಳಿಸಿದ್ರೆ ಸಾಂಗ್ಲಿಯವರು ಬೇಡ ಅಂತಾರೆ."

"ಅನ್ಲಿ."

ಮಾತು ಬಾಯಿಂದ ಜಾರಿಹೋಗಿತ್ತು. ವೃಂದಾ ಮೌಸ್ ಬಿಟ್ಟು ದುಪಟ್ಟಾದ ಅಂಚು ಹಿಡಿದಳು. ಕಿವಿಯೆಲ್ಲ ಬಿಸಿ.

"ಒಂದು ನಿಜ ಹೇಳ್ಲಾ?" ಅವನ ದನಿ ತಗ್ಗಿತು. "ಸಾಂಗ್ಲಿಗೆ ನಾನು ಏನೂ ಕಳಿಸ್ಲೇ ಇಲ್ಲ. ಮುಖ ಮುಚ್ಚಿಟ್ಟು ಮದುವೆ ಆಗೋದು ಬೇಡ ಅಂತ ಮೊದಲನೇ ದಿನವೇ ಅನ್ನಿಸ್ತು."

"ಮತ್ತೆ ಇಷ್ಟು ಸಲ ಬಂದಿದ್ದು?"

"ನಿಮ್ಮ ಸ್ಟುಡಿಯೋದಲ್ಲಿ ಕಾಯಿಲೆ ಬಿದ್ದ ಎಮ್ಮೆ ಇರಲ್ಲವಲ್ಲ. ಬೇರೆ ನೆಪ ಸಿಗ್ಲಿಲ್ಲ."

ಈಗ ಅವಳು ನಗು ತಡೆಯಲಿಲ್ಲ. ಅವನೂ ನಕ್ಕ, ಈ ಸಲ ಕಣ್ಣಲ್ಲೂ.

"ಆಯಿಗೆ ಈ ಫೋಟೋನೇ ತೋರಿಸ್ತೀನಿ, ವೃಂದಾ. ಇದನ್ನ ಮೆಚ್ಚಿದ ಹುಡುಗಿ ಒಬ್ಬಳು ಸಿಕ್ಕಿದಾಳೆ ಅನ್ಲಾ?"

ಮೊದಲ ಸಲ ಹೆಸರು ಹಿಡಿದು ಕರೆದಿದ್ದ. ಅವಳು ಎದ್ದು ಪ್ರಿಂಟರ್‌ಗೆ ಕಾಗದ ತುಂಬಿದಳು.

"ಎರಡು ಪ್ರಿಂಟ್ ಹಾಕ್ತೀನಿ."

"ಆಯಿಗೆ ಒಂದು ಸಾಕಲ್ಲ?"

"ನಮ್ಮಪ್ಪಂಗೆ ಒಂದು ಬೇಡ್ವಾ?" ಎಂದಳು ವೃಂದಾ, ತಿರುಗಿ ನೋಡದೆಯೇ.