ಎಂಟನೆಯ ಸಂಪುಟ

ಗುರಲಿಂಗಪ್ಪ ಮಾಸ್ತರರು ಟ್ರಂಕಿನೊಳಗೆ ಕೈಯಾಡಿಸಿ ಪುಸ್ತಕಗಳನ್ನು ಎಣಿಸಿದರು. ತಡೆದು, ಮತ್ತೊಮ್ಮೆ ಎಣಿಸಿದರು.

"ಸಗೀರಾ, ಒಂದು ಕಡಿಮಿ ಐತಿ."

ಸಗೀರಾ ಥಟ್ಟನೆ ತಲೆಯೆತ್ತಿದಳು. ಇವತ್ತೇ ಹೀಗಾಗಬೇಕೆ?

ಅದು ೧೯೭೪ರ ಚಳಿಗಾಲ. ಪುಣೆಯಲ್ಲಿ ಗ್ರೀಕ್ ಕಲಿಸಿ ನಿವೃತ್ತರಾದ ಮಾಸ್ತರರು ಬಸವನ ಬಾಗೇವಾಡಿಯ ತಮ್ಮ ಮನೆಗೆ ಮರಳಿದ್ದರು. ಇಂಡಿ ಊರಿನ ಹೈಸ್ಕೂಲಿನಲ್ಲಿ ಇತಿಹಾಸ ಹೇಳುತ್ತಿದ್ದ ಸಗೀರಾ ರಜೆ ಸಿಕ್ಕಾಗಲೆಲ್ಲ ಬಸ್ಸು ಬದಲಿಸಿ ಬಂದು ಅವರ ಬಳಿ ಆ ಭಾಷೆ ಕಲಿತಿದ್ದಳು. ಅವರ ಕಣ್ಣಿಗೆ ಪೊರೆ ಬಂದಮೇಲೆ ಅವಳು ಓದುವುದು, ಅವರು ಅರ್ಥ ಬಿಡಿಸುವುದು. ಓದುತ್ತಿದ್ದುದು ಪ್ರಾಚೀನ ಗ್ರೀಕ್ ಇತಿಹಾಸಕಾರನೊಬ್ಬನ ಒಂಬತ್ತು ಭಾಗಗಳ ಚರಿತ್ರೆ. ಭಾಗಕ್ಕೊಂದು ತೆಳ್ಳನೆಯ ಸಂಪುಟ. ಬೆನ್ನಿನ ಮೇಲೆ ಅಂಕಿಯಿಲ್ಲ, ಅದರ ಬದಲು ವರ್ಣಮಾಲೆಯ ಕ್ರಮದಲ್ಲಿ ಒಂದು ಗ್ರೀಕ್ ಅಕ್ಷರ ಮಾತ್ರ.

"ಗೊತ್ತಿತ್ತು ನನಗ!" ಬಾಗಿಲಲ್ಲಿ ನಿಂತಿದ್ದ ರಾಚಪ್ಪ ಗುಡುಗಿದ.

ರಾಚಪ್ಪ ಮುದ್ದೇಬಿಹಾಳದ ಕಡೆಯ ಪ್ರಾಧ್ಯಾಪಕ. ಅದೇ ಚರಿತ್ರೆಯನ್ನು 'ಮೂಲ ಗ್ರೀಕಿನಿಂದ' ಕನ್ನಡಕ್ಕೆ ತಂದಿದ್ದೇನೆಂದು ಹೇಳಿಕೊಳ್ಳುತ್ತಿದ್ದ. ಇನ್ನೇನು ಅಚ್ಚಿಗೆ ಹೋಗುವುದಿತ್ತು. ಅವನ ಅನುವಾದದ ಎಂಟನೆಯ ಭಾಗದಲ್ಲಿ ರಾಯಭಾರಿಯೊಬ್ಬನ ಮಾತಿನ ಕೊನೆಯ ವಾಕ್ಯವೇ ಬಿಟ್ಟುಹೋಗಿದೆ ಎಂದು ಸಗೀರಾ ತೋರಿಸಿದ್ದಳು. ಇಂಗ್ಲಿಷ್ ಅನುವಾದದಲ್ಲೂ ಅದು ಇರಲಿಲ್ಲ. ಅಂಥ ವಾಕ್ಯ ಮೂಲದಲ್ಲೇ ಇಲ್ಲವೆಂದು ರಾಚಪ್ಪ ಹಟ ಹಿಡಿದಿದ್ದ. ಇಂದು ಮಾಸ್ತರರ ಎದುರು ಆ ಪುಟ ಓದಿ ತೀರ್ಮಾನಿಸಬೇಕಿತ್ತು.

"ಇಲ್ಲದ ವಾಕ್ಯ ಹುಟ್ಟಿಸಿದ್ರಿ. ಸಿಕ್ಕಿಬೀಳ್ತೇನಂತ ಈಗ ಪುಸ್ತಕಾನ ಮಾಯ ಮಾಡೀರಿ!"

"ನಾನ್ಯಾಕ ಕದೀಲ್ರಿ?"

ಸಗೀರಾ ಮಾಸ್ತರರ ಮುಖ ನೋಡಿದಳು. ಅವರು ತುಟಿ ಬಿಚ್ಚಲಿಲ್ಲ. ರಾಚಪ್ಪನ ಮಾತಿಗಿಂತ ಆ ಮೌನವೇ ಅವಳನ್ನು ಹೆಚ್ಚು ಚುಚ್ಚಿತು.

ರಾಚಪ್ಪ ತಾನೇ ಹೋಗಿ, ವಾಕ್ಯದ ಜಗಳವನ್ನೆಲ್ಲ ಹೇಳಿ, ಪಕ್ಕದ ಮನೆಯ ಪೊಲೀಸ್ ಫೌಜದಾರ ಶ್ರೀಶೈಲಪ್ಪನನ್ನು ಕರೆತಂದ. ಫೌಜದಾರ ಮೊದಲು ಮಾಸ್ತರರ ಹೆಂಡತಿ ಸಿದ್ದಲಿಂಗವ್ವನನ್ನು ಕೇಳಿದ.

"ಈ ಖೋಲಿಗೆ ಯಾರ‍್ಯಾರು ಬಂದಿದ್ರಬೇ?"

"ಮೊನ್ನಿ ರಾಚಪ್ಪ ಬಂದು ಕುಂತಿದ್ದ. ನಿನ್ನಿಂದ ಸಗೀರಾ ಇಲ್ಲೇ ವಸ್ತಿ ಅದಾಳ. ಮತ್ಯಾರೂ ಇಲ್ಲಪಾ."

"ಟ್ರಂಕಿಗೆ ಕೀಲಿ?"

"ಯಾವತ್ತೂ ಹಾಕಿಲ್ಲ."

ಸಗೀರಾ ಸೆರಗಿನ ತುದಿ ಹಿಂಡುತ್ತ ನಿಂತಳು. ಇಂಡಿಯಲ್ಲಿ ಸುದ್ದಿ ಹಬ್ಬಿದರೆ? ಕಳ್ಳಿಯ ಪಾಠ ಯಾವ ಮಕ್ಕಳು ಕೇಳುತ್ತಾರೆ?

"ಹೋಗಿದ್ದು ಯಾವುದ್ರಿ?" ಫೌಜದಾರ ಕೇಳಿದ.

"ಎಂಟನೇದು," ಎಂದ ರಾಚಪ್ಪ.

"ಟ್ರಂಕಿನ್ಯಾಗ ನೋಡೀರೇನು?"

"ನೋಡೂದೇನೈತಿ? ಜಗಳ ಇರೂದು ಅದರ ಮ್ಯಾಲೇ ಅಲ್ಲ?"

"ಅಕ್ಕೋರ, ನೀವು ನೋಡೀರಿ?"

ಇಲ್ಲ. ಕಳ್ಳತನದ ಮಾತು ಕಿವಿಗೆ ಬಿದ್ದಾಗಿನಿಂದ ಅವಳಿಗೆ ಟ್ರಂಕಿನ ಕಡೆ ತಿರುಗುವುದಕ್ಕೇ ಆಗಿರಲಿಲ್ಲ. ಈಗ ಮಂಡಿಯೂರಿ, ಅಡ್ಡಾದಿಡ್ಡಿ ಬಿದ್ದಿದ್ದ ಸಂಪುಟಗಳನ್ನು ಒಂದೊಂದಾಗಿ ತೆಗೆದಳು. ಥಟ್ಟನೆ ಕೈ ನಿಲ್ಲಿಸಿದಳು.

"ಎಂಟನೇದು ಇಲ್ಲೇ ಐತ್ರಿ! ಹೋಗಿದ್ದು... ಏಳನೇದು!"

ರಾಚಪ್ಪ ಟ್ರಂಕಿನತ್ತ ಬಗ್ಗಿ ನೋಡಿದ.

"ಏಳನೇದರ ಬೆನ್ನಿನ ಮ್ಯಾಲೆ ಯಾವ ಅಕ್ಷರ ಇತ್ತು?" ಫೌಜದಾರನ ದನಿ ತಣ್ಣಗಿತ್ತು.

"ಈಟಾ. ನೋಡಾಕ ಇಂಗ್ಲಿಷಿನ ಎಚ್ ಇದ್ದಂಗ."

"ಎಂಟನೇದರ ಮ್ಯಾಲೆ?"

"ಥೀಟಾ. ಸೊನ್ನಿ, ನಡುವ ಒಂದು ಗೀಟು."

ಫೌಜದಾರ ಬೆರಳು ಮಡಚುತ್ತ ಇಂಗ್ಲಿಷ್ ಅಕ್ಷರಗಳನ್ನು ಎಣಿಸಿದ. ಎಂಟನೆಯದಕ್ಕೆ ನಿಂತ. ಎಚ್.

"ಹೋದ ಪುಸ್ತಕದ ಮ್ಯಾಲೆ ಎಲ್ಲಾರೂ ಬಡದಾಡಿದ್ರಿ, ಉಳಿದದ್ದನ್ನ ಯಾರೂ ನೋಡಲಿಲ್ಲ. ಕಳ್ಳಗ ಬೇಕಾಗಿದ್ದು ಎಂಟನೇದು. ಎಬಿಸಿಡಿ ಎಣಿಸಿ ಎಚ್ ಒಯ್ದ. ಗ್ರೀಕಿನ್ಯಾಗ ಅದು ಏಳನೇ ಅಕ್ಷರ. ಅಕ್ಕೋರು ಕದ್ದಿದ್ರ ಈ ತಪ್ಪು ಆಗ್ತಿದ್ದಿಲ್ಲ. ಇದು ಗ್ರೀಕ್ ಬರದವರ ಕೆಲಸ. ಆ ವಾಕ್ಯ ಯಾರ ಕಣ್ಣಿಗೂ ಬೀಳಬಾರದಂತ ಇದ್ದದ್ದು ಒಬ್ಬರಿಗೇ—ನಿಮಗ, ಪ್ರೊಫೆಸರ್ರ. ಇಂಗ್ಲಿಷಿನಿಂದ ಇಳಿಸಿ ಮೂಲದಿಂದ ಅಂದ್ರಿ. ಹೌದಿಲ್ಲೋ?"

ರಾಚಪ್ಪ ಗೋಡೆಗೆ ಒರಗಿ ಕುಳಿತ.

"ಪುಸ್ತಕ ನಮ್ಮ ಮನ್ಯಾಗೈತ್ರಿ. ಸುಡಬೇಕಂದೆ... ಮನಸಾಗಲಿಲ್ಲ."

ಮಾಸ್ತರರು ದನಿ ಬಂದ ಕಡೆ ಮುಖ ತಿರುಗಿಸಿದರು. "ಗ್ರೀಕ್ ಬರೂದಿಲ್ಲಂತ ಒಂದು ಮಾತು ಅಂದಿದ್ರ ಮೊದಲನೇ ಅಕ್ಷರದಿಂದ ಸುರು ಮಾಡ್ತಿದ್ನಲ್ಲೋ, ರಾಚಪ್ಪಾ."

ಆಮೇಲೆ ಅವರ ಕೈ ಗಾಳಿಯಲ್ಲಿ ಸಗೀರಾಳನ್ನು ಹುಡುಕಿತು.

"ನಾನೂ ಸುಮ್ಮನ ಕುಂತೆ. ತಪ್ಪಾತವ್ವ. ಆ ವಾಕ್ಯ ಓದು, ಕೇಳೋಣ."

ಸಗೀರಾ ಸಂಪುಟವನ್ನು ಅವರ ಕೈಗಿಟ್ಟಳು.

"ಇವತ್ತು ಬ್ಯಾಡ್ರಿ ಸರ್. ನೀವು ಸುಮ್ಮನ ಕುಂತದ್ದು ಇನ್ನೂ ಮನಸಿನ್ಯಾಗ ಚುಚ್ಚಾಕತ್ತೈತಿ."